ಅರ್ಧ ನಿಮಿಷದ ಪ್ರಾರ್ಥನೆ

ಯಾವ ಮಗುವನ್ನು ಮುಟ್ಟುವ ಮುಂಚೆಯೂ ಡಾಕ್ಟರ್ ಎಸ್ತರ್ ಅರ್ಧ ನಿಮಿಷ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. ಚಳ್ಳಕೆರೆಯ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷಗಳಿಂದ ಅದು ಕೈ ತೊಳೆಯುವಷ್ಟೇ ರೂಢಿ. ಅದನ್ನು ಯಾರಾದರೂ ಗಮನಿಸುತ್ತಾರೆಂದು ಅವರಿಗೆ ಹೊಳೆದಿರಲಿಲ್ಲ.

ಮೊಳಕಾಲ್ಮೂರಿನ ನೇಕಾರ ಕೃಷ್ಣಕುಮಾರನ ಐದು ದಿನದ ಮಗಳು ವೆಂಟಿಲೇಟರ್ ಮೇಲಿದ್ದಳು. ಮಿದುಳು ಪೂರ್ತಿ ಹಾಳಾಗಿತ್ತು. ಇನ್ನಿಬ್ಬರು ತಜ್ಞರೂ ಅದನ್ನೇ ಹೇಳಿದ್ದರು. ಟ್ಯೂಬು ತೆಗೆಯೋಣವೆಂದು ಎಸ್ತರ್ ಹೇಳಿದಾಗ ಕೃಷ್ಣಕುಮಾರ ತಲೆ ತಗ್ಗಿಸಿದ. ಅವನ ತಾಯಿ ಚಿತ್ತಮ್ಮ ಒಪ್ಪಲಿಲ್ಲ.

“ಉಳಿಯಲ್ಲ ಅಂದ್ರೆ ದಿನಾ ನಿಮ್ಮ ದೇವ್ರನ್ನ ಯಾತಕ್ಕೆ ಕೇಳ್ಕೊಂತಿದ್ರಿ ಮೇಡಂ? ನೀವು ಕೈ ಬಿಟ್ಟಿಲ್ಲ ಅಂತಾನೇ ನಾವೂ ಬಿಟ್ಟಿಲ್ಲ.”

ಆ ಅರ್ಧ ನಿಮಿಷವನ್ನು ಇವರು ಭರವಸೆ ಎಂದು ನಂಬಿಕೊಂಡಿದ್ದರು. ಎಸ್ತರ್‌ಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು ಎಂದಷ್ಟೇ ಅನ್ನಿಸಿತು.

“ಮೊದಲ್ನೇ ದಿನ ಉಳಿಸು ಅಂತ ಕೇಳಿದ್ದು ನಿಜ ಅಮ್ಮ. ಆಮೇಲೆ ಕೇಳಿದ್ದು ಮಗೂಗೆ ನೋವಾಗದಿರಲಿ ಅಂತ ಮಾತ್ರ. ನಿಮಗೆ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ನಂದೇ.”

ಚಿತ್ತಮ್ಮ ಮಗನ ಕಡೆ ತಿರುಗಿ, ಏನಂತೀಯ ಎಂದು ತಮ್ಮ ಮನೆಮಾತು ತೆಲುಗಿನಲ್ಲಿ ಕೇಳಿದರು. ಮಗು ಪಟ್ಟಿದ್ದು ಸಾಕು ಎಂಬಂತೆ ಅವನು ಕೈಯಾಡಿಸಿದ. ಚಿತ್ತಮ್ಮ ಮತ್ತೆ ಎಸ್ತರ್ ಕಡೆ ತಿರುಗಿದರು.

“ಹಂಗಾದ್ರೆ ಇನ್ನೊಂದ್ಸಾರಿ ಅದನ್ನೇ ಕೇಳ್ರಿ. ಆಮೇಲೆ ತೆಗೀರಿ.”

ಎಸ್ತರ್ ಕಣ್ಣು ಮುಚ್ಚಿದರು. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದರು.

“ಕೇಳಿದ್ರಾ?” ಎಂದರು ಚಿತ್ತಮ್ಮ.

“ಇಲ್ಲಮ್ಮ. ಮಾತೇ ಬರಲಿಲ್ಲ.”

“ಬಿಡ್ರಿ. ನಾನು ಕೇಳಿದೀನಿ.”

ಎಸ್ತರ್ ಕೈ ತೊಳೆದು ಬಂದು, ಮಗುವಿನ ಕೆನ್ನೆಯ ಮೇಲೆ ಟ್ಯೂಬನ್ನು ಹಿಡಿದಿದ್ದ ಅಂಟುಪಟ್ಟಿಯನ್ನು ಮೆಲ್ಲಗೆ ಬಿಡಿಸತೊಡಗಿದರು.