ಹತ್ತು ಸೆಕೆಂಡಿನ ಇಂಗ್ಲಿಷು

ಸೇವಂತಿಗೆ ವಾಸನೆ — ಅಲ್ಲ, ಚೆಂಡುಹೂವು, ತೆರಕಣಾಂಬಿ ದಾಟುತ್ತಿದ್ದ ಹಾಗೆ ಬಸ್ಸಿನ ಕಿಟಕಿಯಿಂದ ನುಗ್ಗುವ ಘಾಟು, ಬಿಸಿಲಿಗೆ ತಲೆ ಸಿಡಿಯುತ್ತಿದೆ, ವನಿತಾ ಮಡಿಲಲ್ಲಿದ್ದ ಕವರನ್ನು ಇನ್ನಷ್ಟು ಒತ್ತಿ ಹಿಡಿದಳು, ಒಳಗೆ ಒಂದೇ ಒಂದು ಹಾಳೆ, ಪರೀಕ್ಷೆಯೆಲ್ಲ ಟ್ಯಾಬಿನಲ್ಲಿ, ಸಹಿ ಮಾತ್ರ ಕಾಗದದ ಮೇಲೇ ಬೇಕು, ಅದನ್ನು ಚಾಮರಾಜನಗರದ ಕಚೇರಿಗೆ ನಾಲ್ಕು ಗಂಟೆಯೊಳಗೆ ಮುಟ್ಟಿಸಬೇಕಂತೆ, ಮುಟ್ಟಿಸದಿದ್ದರೆ ಆಕಾಶ ಕಳಚಿ ಬೀಳುತ್ತದಂತೆ, ಹದಿಮೂರು ವರ್ಷ ವಿಶೇಷ ಮಕ್ಕಳ ಟೀಚರಾಗಿ ಗುಂಡ್ಲುಪೇಟೆ ತಾಲ್ಲೂಕಿನ ಧೂಳೆಲ್ಲ ಕುಡಿದವಳು ಈಗ ಅಂಚೆ ಹಂಚುವವಳು. ಚಾಮುಂಡಿ, ತಾಯಿ ಗುರುಮಲ್ಲಮ್ಮ, ಐದನೇ ತರಗತಿ, ಇಂಗ್ಲಿಷ್ ಸಾಮರ್ಥ್ಯ ಪರೀಕ್ಷೆ, ಹತ್ತಕ್ಕೆ ಸೊನ್ನೆ. ಮಾತು ಬಾರದ, ಕತ್ತು ನಿಲ್ಲದ, ಬುದ್ಧಿ ಬೆಳೆದಿಲ್ಲ ಅಂತ ಡಾಕ್ಟರು ಬರೆದುಕೊಟ್ಟ ಹುಡುಗಿಗೆ ಇಂಗ್ಲಿಷು — ಅವ್ವ ಅನ್ನುವುದನ್ನೇ ಇನ್ನೂ ಪೂರ್ತಿ ಅಂದಿಲ್ಲ ಅವಳು, ಥೂ. ಇಂಗ್ಲಿಷ್ ಮೀಡಿಯಂ ಆದ್ಮೇಲೆ ಎಲ್ಲಾ ಮಕ್ಕಳೂ ಪರೀಕ್ಷೆ ಕೊಡಬೇಕು ಮೇಡಂ, ಯಾರನ್ನೂ ಬಿಡೋ ಹಾಗಿಲ್ಲ, ಸಮಾನತೆ ಅಂದ್ರೆ ಇದೇ ಅಲ್ವಾ, ಅಂದಿದ್ದರು ಶಂಭುಲಿಂಗಪ್ಪನವರು, ಜಿಲ್ಲೆಯಿಂದ ಬಂದ ಪರೀಕ್ಷಾಧಿಕಾರಿ, ಬಾಯ್ತುಂಬ ವಡೆ ಇಟ್ಟುಕೊಂಡು. ಸಮಾನತೆಯಂತೆ ಸಮಾನತೆ! ಮೂರಕ್ಕಿಂತ ಕಡಿಮೆ ಬಂದರೆ ತರಗತಿಯಿಂದ ಹೆಸರು ತೆಗೆದು ಮನೆಪಾಠದ ಪಟ್ಟಿಗೆ ಹಾಕುತ್ತಾರೆ, ವಾರಕ್ಕೊಮ್ಮೆ ಯಾರಾದರೂ ಹೋಗಿ ಮುಖ ನೋಡಿ ಸಹಿ ಹಾಕಿಸಿಕೊಂಡು ಬರುವುದು, ಉಳಿದ ದಿನವೆಲ್ಲ ಗುರುಮಲ್ಲಮ್ಮ ಮಂಡಿಯಲ್ಲಿ ಈರುಳ್ಳಿ ಆರಿಸಿ ಬರುವ ತನಕ ಆ ಕೂಸು ಒಳಗೆ, ಬಾಗಿಲಿಗೆ ಹೊರಗಿನಿಂದ ಚಿಲಕ.

ಬೆಳಗ್ಗೆ ಗುರುಮಲ್ಲಮ್ಮ ಸೊಂಟದ ಮೇಲೆ ಹೊತ್ತು ತಂದಿದ್ದಳು, ಹನ್ನೊಂದು ವರ್ಷದ ಹುಡುಗಿ, ಕಾಲು ತಾಯಿಯ ಮೊಣಕಾಲಿಗೆ ಬಡಿಯುತ್ತಿತ್ತು, ಎಣ್ಣೆ ಹಚ್ಚಿ ಬಾಚಿದ ತಲೆ, ಇಂಗ್ಲಿಸ್ ಪರೀಕ್ಸೆ ಕಣಮ್ಮಿ, ಸಂದಾಗ್ ಮಾಡು, ಅಂದು ಮಗಳ ಬಾಯಿ ಒರೆಸಿದಳು. ತಾಯಿ ಹೊರಗಿರಲಿ, ಇದ್ರೆ ಸನ್ನೆ ಮಾಡ್ತಾರೆ, ಅಂದರು ಸಾಹೇಬರು. ಬಾಗಿಲ ಸಂದಿಯಲ್ಲಿ ಗುರುಮಲ್ಲಮ್ಮನ ಮುಖ — ಮೇಡಮ್ನೋರೇ, ನನ್ ಕೂಸ್ಗೆ ಎಲ್ಲಾ ಕೇಳ್ತದೆ, ಕೈ ಬರಾದು ಒಸಿ ತಡ ಆಯ್ತದೆ ಅಷ್ಟೆಯಾ, ಒಸಿ ತಡ್ಕಳಿ ಅಂತ ಏಳಿ ಆ ಸಾಯೇಬ್ರಿಗೆ — ಹೇಳಿದಳೇ ವನಿತಾ? ಆಯ್ತು ಆಯ್ತು ಅಂದು ಬಾಗಿಲು ಹಾಕಿದಳು. ಟ್ಯಾಬಿನ ನಾಲ್ಕು ಮೂಲೆಗೆ ನಾಲ್ಕು ಚಿತ್ರ, ಒಳಗಿನಿಂದ ಒಂದು ಹೆಣ್ಣುದನಿ, ಶೋ ಮಿ ದ ಅಂಬ್ರೆಲಾ, ಹತ್ತು ಸೆಕೆಂಡು, ಚಿತ್ರ ಮಾಯ, ಮತ್ತೆ ನಾಲ್ಕು ಚಿತ್ರ, ಶೋ ಮಿ ದ ಬಸ್. ಚಾಮುಂಡಿಯ ಕೈ ತೊಡೆಯಿಂದ ಏಳುತ್ತದೆ, ನಡುಗುತ್ತದೆ, ಅರ್ಧದಲ್ಲಿ ನಿಲ್ಲುತ್ತದೆ, ಪಕ್ಕಕ್ಕೆ ವಾಲಿ ಮತ್ತೆ ದಾರಿಗೆ ಬರುತ್ತದೆ, ಒಂದು ಬೆರಳು ಗಾಜಿಗೆ ತಾಗುವಷ್ಟರಲ್ಲಿ ಕೊಡೆ ಹೋಗಿ ಬಸ್ಸು ಬಂದಿರುತ್ತದೆ. ಅಂದಾಜಿಗೆ ಮುಟ್ತಾ ಇದಾಳೆ ಬಿಡಿ ಮೇಡಂ. ಹೂಂ ಸಾರ್ ಅಂದಳು ವನಿತಾ, ಹೂಂ ಸಾರ್, ಎಂಥ ನಾಲಿಗೆ ಅವಳದು, ಸುಟ್ಟುಕೊಳ್ಳಬೇಕು ಅದನ್ನು.

ಹೊತ್ತು ಹೋಗದೆ ಕವರಿನಿಂದ ಹಾಳೆ ತೆಗೆದದ್ದು, ನೋಡಬೇಕು ಅಂತಲ್ಲ. ಎರಡು ಸಾಲು ಉದ್ದಕ್ಕೆ ಇಳಿದಿವೆ, ಎಡಗಡೆ ಸರಿಯುತ್ತರ ಯಾವ ಮೂಲೆಯಲ್ಲಿತ್ತು, ಬಲಗಡೆ ಮಗು ಯಾವ ಮೂಲೆ ಮುಟ್ಟಿತು. ಕೊಡೆ ಇದ್ದದ್ದು ಮೇಲಿನ ಬಲಮೂಲೆ, ಮುಟ್ಟಿದ್ದು ಇಲ್ಲ. ಬಸ್ಸು ಕೆಳಗಿನ ಎಡಮೂಲೆ, ಮುಟ್ಟಿದ್ದು ಮೇಲಿನ ಬಲ — ಅದು ಕೊಡೆಯ ಜಾಗ. ಮರ ಮೇಲಿನ ಎಡ, ಮುಟ್ಟಿದ್ದು ಕೆಳಗಿನ ಎಡ — ಅದು ಬಸ್ಸಿನ ಜಾಗ. ಬೆರಳಿಟ್ಟು ಇಳಿದಳು, ಅಯ್ಯೋ, ಮತ್ತೆ ಮೇಲಿಂದ ಇಳಿದಳು, ಪ್ರತಿ ಉತ್ತರವೂ ಮುಂದಿನ ಪ್ರಶ್ನೆಯ ಎದುರಿಗೆ ಬಿದ್ದಿದೆ, ಒಂದೇ ಒಂದು ಮನೆ ತಡ, ಒಂಬತ್ತಕ್ಕೆ ಒಂಬತ್ತೂ ಸರಿ! ಯಾರು ಕಲಿಸಿದರು ಇವಳಿಗೆ ಇಂಗ್ಲಿಷು, ನಾನಂತೂ ಅಲ್ಲ, ಮಂಗಳವಾರ ಮಂಗಳವಾರ ಹೋಗಿ ಬೆರಳು ನೀವಿ, ಮಣಿ ಹಿಡಿಸಿ, ಬಣ್ಣದ ಚೆಂಡು ಉರುಳಿಸಿ ಬರುತ್ತಿದ್ದೆ, ಒಂದು ದಿನ ಒಂದು ಪದ ಹೇಳಿಕೊಟ್ಟಿಲ್ಲ, ಇವಳಿಗೇನು ತಿಳಿಯುತ್ತೆ ಅಂತ. ತರಗತಿಯಲ್ಲಿ ಹಿಂದಿನ ಕಿಟಕಿಯ ಕೆಳಗೆ ಅವಳ ಚಾಪೆ, ಮೂವತ್ತು ಮಕ್ಕಳು ಗಂಟಲು ಹರಿಯುವ ಹಾಗೆ ಅಂಬ್ರೆಲಾ ಬಸ್ ಟ್ರೀ ಕೌ ಅಂತ ಕೂಗುತ್ತಿದ್ದರೆ ಇವಳು ಜೊಲ್ಲು ಸುರಿಸುತ್ತಾ ಸೂರು ನೋಡುತ್ತಾ ಮಲಗಿದ್ದಳು, ಮೂರು ವರ್ಷ ಅವಳನ್ನು ಯಾರೂ ಏನೂ ಕೇಳಲಿಲ್ಲ, ಅವಳು ಮಾತ್ರ ಎಲ್ಲ ಕೇಳಿಸಿಕೊಂಡಿದ್ದಳು. ಆ ಚಾಪೆಯನ್ನು ಕಿತ್ತುಕೊಳ್ಳುವುದಕ್ಕೆ ಹೊರಟಿದ್ದೀವಿ ನಾವು.

ಸಾರ್, ಉತ್ತರ ಒಂದೊಂದು ಮನೆ ಕೆಳಗೆ ಜಾರಿದೆ ಸಾರ್ ಅಷ್ಟೇ, ನಾಳೆ ಇನ್ನೊಂದ್ಸಲ ಮಾಡೋಣ, ಅವಳ ಕೈ ಬರೋವರೆಗೂ ಕಾಯೋಣ — ಬಸ್ಸಿನ ಗದ್ದಲದಲ್ಲಿ ಫೋನು ಕಿವಿಗೊತ್ತಿ ಅಂಗಲಾಚಿದಳು — ಮೇಡಂ, ಹತ್ತು ಸೆಕೆಂಡು ಅಂದ್ರೆ ಹತ್ತೇ ಸೆಕೆಂಡು, ನೀವು ಸುಮ್ನೆ ಭಾವುಕರಾಗ್ತಿದೀರಿ, ಸಹಿ ಬೇರೆ ನಿಮ್ಮದೇ ಇದೆ. ಹೌದು, ನೀಲಿ ಶಾಯಿಯಲ್ಲಿ ದುಂಡಗೆ, ಊಟದ ಹೊತ್ತಾಯಿತು ಅಂತ ಓದದೆ ಹಾಕಿದ ಸಹಿ. ಹಾಳೆ ಕೊಡಲ್ಲ ಸಾರ್. ಏನಂದ್ರಿ? ಕೊಡಲ್ಲ ಅಂದೆ, ಬೇಕಾದ್ರೆ ನನ್ನ ಹೆಸರು ತೆಗೀರಿ, ಅವಳದ್ದು ತೆಗೆಯೋಕೆ ಬಿಡಲ್ಲ! — ಮುಂದಿನ ಸೀಟಿನಲ್ಲಿ ಹೂವಿನ ಚೀಲ ಇಟ್ಟುಕೊಂಡಿದ್ದವಳು ತಿರುಗಿ ನೋಡಿದಳು, ಅತ್ತ ಫೋನು ಕಟ್ಟಾಯಿತು, ಕಟ್ಟಾಗಲಿ, ಸಹಿಯ ಮೇಲೆ ಪೆನ್ನು ಒತ್ತಿ ಎಳೆದಳು, ಕಾಗದ ಹರಿಯಿತು, ಇನ್ನೊಬ್ಬರಿಂದ ಹಾಕಿಸುತ್ತಾರೆ, ಹಾಕಿಸಲಿ, ಕಚೇರಿ ಬಾಗಿಲಲ್ಲೇ ಕೂರುತ್ತೇನೆ, ಒಂಬತ್ತು ಸರಿ ಸಾರ್ ಒಂಬತ್ತು, ಹತ್ತನೆಯದು — ಹತ್ತನೆಯದು ಕೌ, ಕೆಳಗಿನ ಬಲಮೂಲೆ, ಅದರ ಮುಂದೆ ಮನೆಯೇ ಇಲ್ಲ, ಪರೀಕ್ಷೆ ಮುಗಿದಿತ್ತಲ್ಲ, ಸಾಹೇಬರು ಟ್ಯಾಬು ಆರಿಸಿದ್ದರು, ಕೈ ಆಗಲೂ ಏಳುತ್ತಿತ್ತು, ನಡುಗುತ್ತಾ, ನಿಂತು, ವಾಲಿ, ದಾರಿಗೆ ಬಂದು ಕಪ್ಪು ಗಾಜಿನ ಮೇಲೆ ಒಂದು ಬೆರಳು — ಕೆಳಗಿನ ಬಲಮೂಲೆ. ಏಯ್, ಗಲೀಜಾಗ್ತದೆ, ತೆಗೀರಿ ಮೇಡಂ. ಆ ಕೈ ಹಿಡಿದು ತೊಡೆಯ ಮೇಲೆ ವಾಪಸಿಟ್ಟವಳು ವನಿತಾ, ಸೆರಗಿನಿಂದ ಗಾಜು ಒರೆಸಿದವಳೂ ವನಿತಾ, ಕಪ್ಪು ಗಾಜು, ಬಲಮೂಲೆ, ಒದ್ದೆ ಬೆರಳಿನ ಗುರುತು, ಒರೆಸಿದಳು, ಕಪ್ಪು ಗಾಜು, ಬಲಮೂಲೆ, ಆ ಬೆರಳು —