ಪಾದದಮ್ಮನ ನೀರುನಾಯಿ

ಇಲ್ಲವೆಂದು ಎಲ್ಲರೂ ಹೇಳುವ ಪ್ರಾಣಿಗಳನ್ನು ಹುಡುಕಿಕೊಂಡು ಹೋಗಿ, ಅವುಗಳ ಬಗ್ಗೆ ಪುಸ್ತಕ ಬರೆಯುವುದು ಅವಳ ಕಸುಬು. ಮೊದಲೆರಡು ಪುಸ್ತಕಗಳನ್ನು ಜನ ಮುಗಿಬಿದ್ದು ಓದಿದರು. ಮೂರನೆಯದು ಅವಳನ್ನು ಮುಳುಗಿಸಿತು.

ಮುಳುಗಿಸಿದವನು ಅವಳ ಸಹಪಾಠಿ, ಪ್ರಾಣಿ ಸಂಗ್ರಹಾಲಯದ ಮುಖ್ಯಸ್ಥ. ಜೌಗು ನೆಲದಲ್ಲಿ ಸಿಕ್ಕಿತೆಂದು ಭಾರಿ ಹೆಜ್ಜೆಯೊಂದರ ಅಚ್ಚನ್ನು ಅವನೇ ತಂದುಕೊಟ್ಟಿದ್ದ. ಗೆಳೆಯನ ಮಾತೆಂದು ನಂಬಿ ಅವಳು ಪುಸ್ತಕವನ್ನೇ ಬರೆದಳು. ಬಿಡುಗಡೆಯ ದಿನ ಅವನು ವೇದಿಕೆ ಹತ್ತಿ, ಚೀಲದಿಂದ ಮರದ ಪಾದವೊಂದನ್ನು ಹೊರತೆಗೆದ.

"ಇದನ್ನ ಕೆತ್ತಿದ್ದು ನಾನೇ. ನಮ್ಮ ತಜ್ಞೆ ಎಷ್ಟು ಸಲೀಸಾಗಿ ನಂಬ್ತಾರೆ ನೋಡಿ!"

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಂದಿನಿಂದ ಅವಳು 'ಪಾದದಮ್ಮ'. ಪ್ರಕಾಶಕರು ಮುಖ ತಿರುಗಿಸಿದರು. ಅಕ್ಕನ ಮನೆಯ ಹಿಂದಿನ ಕೋಣೆ ಸೇರಿ, ಯಾರ್‍ಯಾರದೋ ಪುಸ್ತಕಗಳ ಕರಡು ತಿದ್ದುತ್ತ, ಹಲ್ಲು ಕಚ್ಚಿಕೊಂಡು ವರ್ಷಗಳನ್ನು ಕಳೆದಳು. ಬಿಡುವಾದಾಗಲೆಲ್ಲ ಒಂದು ಸರೋವರದ ಬಳಿ ಹೋಗಿ ಕೂರುತ್ತಿದ್ದಳು. ಅಲ್ಲಿ ಮೈಮೇಲೆ ಪಟ್ಟೆಗಳಿರುವ ನೀರುನಾಯಿ ಇದೆಯೆಂಬ ಸುದ್ದಿ ಹಳೆಯದು.

ಒಂದು ಚಳಿಗಾಲ ಅದು ಅವಳ ಕ್ಯಾಮೆರಾದ ಮುಂದೆಯೇ ಮರಿಗಳೊಡನೆ ಆಡಿತು. ಬಲೆಗೆ ಸಿಕ್ಕಿ ಸತ್ತ ಇನ್ನೊಂದರ ತೊಗಲೂ ದೊರೆಯಿತು. ಪ್ರಯೋಗಾಲಯದವರು ತೊಗಲಿನ ಚೂರನ್ನು ಪರೀಕ್ಷಿಸಿ, ಇದು ಈವರೆಗೆ ಯಾರೂ ಗುರುತಿಸದ ಪ್ರಾಣಿ ಎಂದರು.

"ಅಂತೂ ಗೆದ್ದೆ ಕಣೇ! ನಾಳೇನೇ ಪೇಪರಿನವರಿಗೆ ಹೇಳು," ಎಂದಳು ಅಕ್ಕ.

"ನಾನು ಗೆದ್ದರೆ ಸಾಕಾ ಅಕ್ಕಾ? ಅವನು ಸೋಲಬೇಕು."

ಮುಖ್ಯಸ್ಥ ಟಿವಿಯಲ್ಲೊಂದು ಕಾರ್ಯಕ್ರಮ ನಡೆಸುತ್ತಿದ್ದ. ಜನ ತಂದ ಮೂಳೆ, ಕೊಂಬು, ಚಿಪ್ಪುಗಳನ್ನು ನೋಡಿ ಅವು ಯಾವ ಪ್ರಾಣಿಯವೆಂದು ಹೇಳುತ್ತಿದ್ದ. ಅಕ್ಕನ ಮುಖ ಅವನಿಗೆ ಗೊತ್ತಿರಲಿಲ್ಲ. ತಂಗಿಯನ್ನು ಬೈದುಕೊಳ್ಳುತ್ತಲೇ ಅಕ್ಕ ತೊಗಲು ಹೊತ್ತು ಅಲ್ಲಿಗೆ ಹೋದಳು.

ಅವನು ಅದನ್ನು ಮುಟ್ಟಿಯೂ ನೋಡಲಿಲ್ಲ.

"ಯಾರೋ ಬಣ್ಣ ಬಳಿದು ನಿಮಗೆ ಟೋಪಿ ಹಾಕಿದ್ದಾರಮ್ಮ."

"ಒಂದ್ಸಲ ಸರಿಯಾಗಿ ನೋಡಿ ಸಾರ್," ಎಂದಳು ಅಕ್ಕ. ಅವಳಿಗೆ ಒಳಗೊಳಗೇ ಅಳುಕಾಗಿತ್ತು.

"ಪಾದದಮ್ಮನ ಗಾಳಿ ನಿಮಗೂ ಬಡೀತಾ ಹೇಗೆ? ಇದು ನಿಜವಾದ್ರೆ ನಾನು ಕುರ್ಚಿ ಬಿಟ್ಟು ಮನೆಗೆ ಹೋಗ್ತೀನಿ!"

ಮರುವಾರ ಪ್ರಯೋಗಾಲಯದ ವರದಿ, ಮರಿಗಳ ವಿಡಿಯೊ, ತಂಗಿ ಮೊದಲೇ ಬರೆದು ಅಚ್ಚು ಹಾಕಿಸಿಟ್ಟಿದ್ದ ಹೊಸ ಪುಸ್ತಕ ಒಟ್ಟಿಗೇ ಹೊರಬಂದವು. ಎಲ್ಲ ಚಾನೆಲ್‌ಗಳೂ ಆಡುವ ನೀರುನಾಯಿಯನ್ನೂ ಅವನ ಸವಾಲನ್ನೂ ಅಕ್ಕಪಕ್ಕದಲ್ಲಿ ತೋರಿಸಿದವು. ಅವನು ಬೀದಿಗಿಳಿದರೆ, "ಸಾರ್, ಬಣ್ಣ ಯಾವ ಅಂಗಡೀದು?" ಎಂದು ಕೇಳುವವರೇ. ತಿಂಗಳು ತುಂಬುವ ಮೊದಲೇ ಸಂಗ್ರಹಾಲಯ ಅವನನ್ನು ಕಳಿಸಿಬಿಟ್ಟಿತು.

ಒಂದು ಮಧ್ಯಾಹ್ನ ಅವನೇ ಬಂದು ಬಾಗಿಲು ತಟ್ಟಿದ. ಮುಖ ಇಳಿದುಹೋಗಿತ್ತು.

"ಚಿಕ್ಕಂದಿನಿಂದ ನನಗೂ ಇದೇ ಹುಚ್ಚು. ಹೊರಡೋಕೆ ಧೈರ್ಯ ಇರಲಿಲ್ಲ. ನೀನು ಹೊರಟೆ ಅಂತ ಹೊಟ್ಟೆಕಿಚ್ಚು," ಎಂದ. "ಕ್ಷಮಿಸು ಅಂತ ಕೇಳಲ್ಲ. ಆ ಜಾಗಕ್ಕೆ ಒಂದೇ ಒಂದು ಸಲ ಕರ್ಕೊಂಡು ಹೋಗು. ಕಣ್ಣಾರೆ ನೋಡ್ಬೇಕು."

ಸರೋವರ ಯಾವುದೆಂದು ಅವಳು ಪುಸ್ತಕದಲ್ಲಿ ಬರೆದಿರಲಿಲ್ಲ. ಅವನ ಕಣ್ಣಲ್ಲಿದ್ದ ಆಸೆ ಸುಳ್ಳಲ್ಲ ಎಂಬುದು ಅವಳಿಗೆ ತಿಳಿಯಿತು. ಅವಳಿಗೆ ಬೇಕಾಗಿದ್ದುದೂ ಅದೇ.

"ಪುಸ್ತಕದಲ್ಲಿ ಫೋಟೊ ಇದೆ, ನೋಡ್ಕೋ," ಎಂದು ಬಾಗಿಲು ಹಾಕಿದಳು.

"ಪಾಪ ಕಣೇ, ಅಳ್ತಿದ್ದಾನೆ," ಎಂದಳು ಕಿಟಕಿಯ ಬಳಿ ನಿಂತಿದ್ದ ಅಕ್ಕ.

"ಅಳಲಿ. ನನಗೆ ಹಸಿವಾಗ್ತಿದೆ, ಬಡಿಸು."

ಎಷ್ಟೋ ವರ್ಷಗಳ ಮೇಲೆ ಅವಳು ಹೊಟ್ಟೆತುಂಬ ಉಂಡಳು.