ಅಟ್ಟದ ಕೆಳಗಿನ ಉಸಿರು

ಹಂದನಕೆರೆಯ ರಂಗಪ್ಪನ ಮನೆಯಲ್ಲಿ ಆ ಬೆಳಿಗ್ಗೆಯೂ ರೊಟ್ಟಿ ಅರ್ಧಕ್ಕೇ ನಿಂತಿತು. ತಟ್ಟುತ್ತಿದ್ದ ಅವನ ಹೆಂಡತಿ ನಿಂಗಮ್ಮ ಎದೆ ಹಿಡಿದುಕೊಂಡು ಗೋಡೆಗೆ ಒರಗಿದಳು. ಮಗಳು ಚೌಡಿ ಓಡಿಬಂದು, ಉರಿಯುತ್ತಿದ್ದ ತೆಂಗಿನ ಮಟ್ಟೆಗಳನ್ನು ಒಲೆಯಿಂದ ಎಳೆದುಹಾಕಿ ಅವ್ವನ ಬೆನ್ನು ನೀವಿದಳು. ಅಂಗೈಯ ಕೆಳಗೆ ಉಸಿರು ಸಿಳ್ಳೆ ಹಾಕುತ್ತಿತ್ತು.

ಅಡುಗೆಮನೆಯ ಮೇಲೆ ಅಟ್ಟ. ಅಟ್ಟದ ತುಂಬ ಒಲೆಯ ಹೊಗೆಗೆ ಒಣಗಿ ಕೊಬ್ಬರಿಯಾಗಲು ಬಿಟ್ಟ ತೆಂಗಿನಕಾಯಿ. ಅವು ಕೆಳಗಿಳಿಯುವ ತನಕ ಅಡುಗೆಮನೆಯ ಕಿಟಕಿ ತೆಗೆಯಬಾರದೆಂಬುದು ಆ ಮನೆಯ ಕಟ್ಟಳೆ. ಹೊಗೆ ಹೊರಟರೆ ಅದರ ಹಿಂದೆಯೇ ಲಕ್ಷ್ಮಿಯೂ ಹೊರಡುತ್ತಾಳೆ ಎನ್ನುತ್ತಿದ್ದಳು ಅಜ್ಜಿ ಚಿಕ್ಕಗೌರಮ್ಮ. ಹಳೆಯ ಕಾಯಿ ಇಳಿಯುವಷ್ಟರಲ್ಲಿ ಹೊಸದು ಏರಿರುತ್ತಿತ್ತು. ಹೀಗಾಗಿ ನಿಂಗಮ್ಮ ಸೊಸೆಯಾಗಿ ಬಂದ ಮೇಲೆ ಆ ಕಿಟಕಿ ತೆರೆದದ್ದೇ ಇಲ್ಲ. ಅವಳು ಮಲಗುವುದೂ ಅಲ್ಲೇ. ಮಲಗುವುದೆಂದರೆ, ಮೊಣಕಾಲ ಮೇಲೆ ತಲೆಯಿಟ್ಟು ಬೆಳಗು ಮಾಡುವುದು.

ಸೊಸೆಯ ಎದೆಯ ಮೇಲೆ ದೆವ್ವ ಕೂತಿದೆ, ಅದೇ ನಿದ್ದೆ ಕೊಡುತ್ತಿಲ್ಲ ಎಂದು ಅಜ್ಜಿ ತೀರ್ಮಾನಿಸಿದ್ದಳು. ಹಿಂದಿನ ವಾರ ಮಂತ್ರವಾದಿ ಮರುಳಸಿದ್ದಯ್ಯ ಬಾಗಿಲು ಮುಚ್ಚಿಸಿ ಮೆಣಸಿನಕಾಯಿ ಹೊಗೆ ಹಾಕಿದಾಗ ನಿಂಗಮ್ಮನ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ದೆವ್ವ ಹಟಮಾರಿ, ಇನ್ನೊಮ್ಮೆ ಹಾಕಬೇಕೆಂದು ಹೇಳಿಹೋಗಿದ್ದವನು ಇವತ್ತು ಬರುವವನಿದ್ದ.

ಆದರೆ ನಿನ್ನೆ ಮಧ್ಯಾಹ್ನ ಚೌಡಿ ಒಂದು ಬೆರಗು ಕಂಡಿದ್ದಳು. ಮಟ್ಟೆ ತರಲು ತೋಟಕ್ಕೆ ಹೋದ ಅವ್ವ ಮರದ ಬುಡದಲ್ಲಿ ಹಾಗೇ ನಿದ್ದೆಹೋಗಿದ್ದಳು. ಅಷ್ಟೆತ್ತರದಲ್ಲಿ ಗರಿಗಳು ತೂಗುತ್ತಿದ್ದವು; ಕೆಳಗೆ ಅವ್ವನ ಎದೆ ಸದ್ದಿಲ್ಲದೆ ಏರುತ್ತ ಇಳಿಯುತ್ತಿತ್ತು. ಕಾಲುಚಾಚಿ ಮಲಗಿದ ಅವ್ವನನ್ನು ಚೌಡಿ ಹುಟ್ಟಿದ ಮೇಲೆ ನೋಡಿರಲಿಲ್ಲ. ಗರ್ಭಗುಡಿಯ ಮುಂದೆ ನಿಂತವಳಂತೆ ಅಲ್ಲಾಡದೆ ನಿಂತು ನೋಡಿದ್ದಳು.

ಮರುಳಸಿದ್ದಯ್ಯ ಬಂದ. ಅಡುಗೆಮನೆಯಲ್ಲಿ ಕೆಂಡ ಸಿದ್ಧವಾಯಿತು. ರಂಗಪ್ಪ ಬಾಗಿಲಲ್ಲೇ ತಡವರಿಸಿದ.

“ತಿಪ್ಟೂರಿನ್ ಡಾಕ್ಟ್ರಿಗೊಂದ್ ಸತಿ ತೋರ್ಸನೇನವ್ವಾ?”

“ದೆವ್ವಕ್ಕೆ ಸೂಜಿ ಚುಚ್ತಾನೇನ್ಲಾ ನಿನ್ ಡಾಕ್ಟ್ರು? ನಾನೂ ಇದೇ ಹೊಗೇಲಿ ನಿಮ್ಮುನ್ನೆಲ್ಲಾ ಸಾಕ್ದೋಳು ಕಣ್ಲಾ,” ಎಂದ ಅಜ್ಜಿ ಮಾತು ಮುಗಿಸಲಾಗದೆ ಕೆಮ್ಮಿದಳು, ಕೆಮ್ಮುತ್ತಲೇ ಸೊಸೆಯ ತೋಳು ಹಿಡಿದು ಒಳಗೆ ನೂಕಿದಳು. ರಂಗಪ್ಪ ಬಾಗಿಲು ಬಿಟ್ಟು ಸರಿದ. ಮರುಳಸಿದ್ದಯ್ಯ ಮೆಣಸಿನಕಾಯಿ ಹಿಡಿದ ಮುಷ್ಟಿಯನ್ನು ಕೆಂಡದ ಮೇಲೆ ಚಾಚಿದ.

ಬಾಗಿಲು ಮುಚ್ಚದಂತೆ ಚೌಡಿ ಹೊಸ್ತಿಲಿಗೆ ಅಡ್ಡ ನಿಂತಳು. ಆಚೆ ಹೋಗೆಂದು ಗದರಿದರೂ ಕದಲಲಿಲ್ಲ. ನಿನ್ನೆಯಿಂದ ಗಂಟಲಲ್ಲೇ ಇಟ್ಟುಕೊಂಡಿದ್ದನ್ನು ಎಲ್ಲರಿಗೂ ಕೇಳುವಂತೆ ಕೇಳಿದಳು:

“ಅಜ್ಜಿ, ತೋಟದಲ್ ಮಲ್ಗಿದ್ರೆ ಅವ್ವನ್ ಎದೆ ಮ್ಯಾಲೆ ಆ ದೆವ್ವ ಯಾಕ್ ಕೂರಲ್ಲ?”